ತೆಪ್ಪ, ತೇರು, ಪಗಡೆ: ಮಲಪ್ರಭೆಯ ದಂಡೆಯ ವಿಹಾರದ ಚರಿತ್ರೆ

ನೀರಿನ ಮೇಲಿನ ಪಯಣ, ದೂರದೂರಿಗೆ ಹೋಗಿ ನೆಲೆಸಿದ ಬಂಧುಗಳ ಮರುಭೇಟಿ, ಪಣವೊಡ್ಡಿ ಆಡುವ ಆಟ ಈ ಮೂರನ್ನೂ ಒಂದೇ ಬಿಡುವಿನಲ್ಲಿ ಕೂಡಿಸುವ ರೂಢಿಯು ಸಾಗರದ ವಿಹಾರನೌಕೆಗಳೊಂದಿಗೆ ಹುಟ್ಟಿತೆಂದು ಇಂದಿನವರಿಗೆ ತೋರುವುದು ಸಹಜ. ಆದರೆ ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ಲ ಸೀಮೆಯ ಜಾತ್ರೆ ಹಬ್ಬಗಳನ್ನು ಸ್ವಲ್ಪ ಹಿಂದಿನಿಂದ ನೋಡುತ್ತ ಬಂದರೆ, ಈ ಮೂರೂ ಇಲ್ಲಿ ಬಹುಕಾಲದಿಂದ ಜೊತೆಯಾಗಿಯೇ ನಡೆದುಬಂದಿರುವುದು ಕಾಣುತ್ತದೆ. ಇಲ್ಲಿನ ವಿಶೇಷವೆಂದರೆ ಪಣದಾಟಕ್ಕೆ ಒಂದು ತಿಥಿ, ಒಂದು ಸ್ಥಳ, ನೋಡಿಕೊಳ್ಳುವ ನಾಲ್ಕು ಜನ ಹಿರಿಯರು ಎಂಬ ಕಟ್ಟು ಇತ್ತು. ಆ ಕಟ್ಟು ಹೇಗೆ ರೂಪುಗೊಂಡಿತು, ಯಾವಾಗ ಸಡಿಲವಾಯಿತು ಎಂಬುದೇ ಈ ಸೀಮೆಯ ವಿಹಾರದ ಚರಿತ್ರೆಯಲ್ಲಿ ಮುಖ್ಯವಾದ ಸಂಗತಿ.

ಮೊದಲು ನೀರಿನ ಮಾತು. ಬಾಗಲಕೋಟೆಯ ಪಕ್ಕದಲ್ಲಿ ಘಟಪ್ರಭೆಯೂ, ಬಾದಾಮಿ ಹುನಗುಂದಗಳ ನಡುವೆ ಪಟ್ಟದಕಲ್ಲು ಐಹೊಳೆಗಳನ್ನು ಮುಟ್ಟಿಕೊಂಡು ಮಲಪ್ರಭೆಯೂ ಹರಿಯುತ್ತವೆ. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮಳೆಗಾಲದಲ್ಲಿ ದಂಡೆ ಮೀರಿ ಬೇಸಿಗೆಯಲ್ಲಿ ಮರಳು ತೋರಿಸುವ ಈ ಹೊಳೆಗಳಲ್ಲಿ ದೊಡ್ಡ ಹಡಗು ನಡೆಯುವ ಮಾತೇ ಇರಲಿಲ್ಲ. ಬಿದಿರಿನ ಸೀಳುಗಳನ್ನು ದುಂಡನೆಯ ಬುಟ್ಟಿಯಂತೆ ಹೆಣೆದು ಹೊರಮೈಗೆ ಎಮ್ಮೆಯ ತೊಗಲು ಹೊದಿಸಿದ ಹರಿಗೋಲು ಇಲ್ಲಿನ ನಿಜವಾದ ನಾವೆ. ಅದಕ್ಕೆ ಮುಂದಲೆ ಹಿಂದಲೆಗಳಿಲ್ಲದ ಕಾರಣ ಸುಳಿಯ ಸೆಳೆತಕ್ಕೆ ಎದುರು ನಿಲ್ಲದೆ ತಿರುಗುತ್ತ ಸಾಗುತ್ತದೆ, ಅಂಬಿಗನು ಒಂದೇ ಹುಟ್ಟಿನಿಂದ ಅದರ ದಿಕ್ಕನ್ನು ಹಿಡಿಯುತ್ತಾನೆ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸನು ತುಂಗಭದ್ರೆಯಲ್ಲಿ ಇಂಥದೇ ತೊಗಲು ಹೊದಿಸಿದ ದುಂಡು ದೋಣಿಗಳನ್ನು ಕಂಡು ಬರೆದಿಟ್ಟಿದ್ದಾನೆ. ದೋಣಿ ನಡೆಸುವವನ ಕಾಯಕಕ್ಕೆ ಈ ನಾಡಿನಲ್ಲಿ ಎಂಥ ಮನ್ನಣೆ ಇತ್ತೆಂಬುದಕ್ಕೆ ಹನ್ನೆರಡನೆಯ ಶತಮಾನದ ಶರಣ ಅಂಬಿಗರ ಚೌಡಯ್ಯನ ಹೆಸರೇ ಸಾಕ್ಷಿ.

ಹೊಳೆ ಚಿಕ್ಕದಾದರೂ ಇಲ್ಲಿನ ಜನರ ಪಯಣ ಚಿಕ್ಕದಾಗಿರಲಿಲ್ಲ. ಹುನಗುಂದ ತಾಲ್ಲೂಕಿನ ಐಹೊಳೆಯು ಶಾಸನಗಳಲ್ಲಿ ಅಯ್ಯಾವೊಳೆ ಎಂದು ಕರೆಯಿಸಿಕೊಳ್ಳುತ್ತದೆ. ಅಲ್ಲಿಂದ ಹೆಸರು ಪಡೆದ ‘ಅಯ್ಯಾವೊಳೆ ಐನೂರ್ವರು’ ಎಂಬ ವರ್ತಕರ ಸಂಘವು ದಕ್ಷಿಣ ಭಾರತದ ಉದ್ದಗಲಕ್ಕೂ, ಕಡಲಿನಾಚೆಗೂ ವ್ಯಾಪಾರ ನಡೆಸಿತು. ಹನ್ನೊಂದನೆಯ ಶತಮಾನದ ನಡುವಿನಲ್ಲಿ ಬರೆಯಿಸಿದ ಅವರ ಒಂದು ಪ್ರಶಸ್ತಿ, ಅಂದರೆ ಹೊಗಳಿಕೆಯ ಶಾಸನಭಾಗವು, ನೆಲದ ದಾರಿ ನೀರಿನ ದಾರಿಗಳೆರಡರಿಂದಲೂ ಚೇರ, ಚೋಳ, ಪಾಂಡ್ಯ, ಮಗಧ, ನೇಪಾಳ, ಪಾರಸ ಮೊದಲಾದ ನಾಡುಗಳಿಗೆ ಹೋಗಿ ಆನೆ, ಕುದುರೆ, ಮುತ್ತು, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿಗಳನ್ನು ಮಾರುವ ವೀರರೆಂದು ಅವರನ್ನು ವರ್ಣಿಸುತ್ತದೆ. ಇದೇ ಐನೂರ್ವರ ಹೆಸರನ್ನು ಹೊತ್ತ ತಮಿಳು ಶಾಸನವೊಂದು ಸುಮಾತ್ರ ದ್ವೀಪದ ಬಾರೂಸ್ ಬಳಿ ದೊರೆತಿದ್ದು, ಅದರ ಕಾಲ 1088. ಮಲಪ್ರಭೆಯ ದಂಡೆಯ ಒಂದು ಊರಿನ ವರ್ತಕಸಂಘದ ಹೆಸರು ಕಡಲು ದಾಟಿ ಕರ್ಪೂರದ ನಾಡಿನಲ್ಲಿ ಕಲ್ಲಿನ ಮೇಲೆ ನಿಂತಿತೆಂಬುದು ಈ ಸೀಮೆಯವರು ಹೆಮ್ಮೆಯಿಂದ ನೆನೆಯಬೇಕಾದ ಸಂಗತಿ. ಹೀಗೆ ಚದುರಿ ಹೋದ ಈ ವರ್ತಕರು ನಖರರು, ಮುಮ್ಮುರಿದಂಡರು, ಗವರೆಯರು ಮೊದಲಾದ ಬೇರೆ ಬೇರೆ ವ್ಯಾಪಾರಿ ಬಳಗಗಳೊಂದಿಗೆ ಸೇರಿ ದೇವಾಲಯಗಳಲ್ಲಿ ಮಹಾಸಭೆ ನಡೆಸುತ್ತಿದ್ದರು, ಅಲ್ಲಿಯೇ ದಾನದತ್ತಿಗಳನ್ನು ಗೊತ್ತುಮಾಡುತ್ತಿದ್ದರು. ದೂರ ಹೋದವರು ಮತ್ತೆ ಕೂಡುವ ಸ್ಥಳ ಗುಡಿಯ ಅಂಗಳವೇ ಆಗಿದ್ದುದು ಮುಂದಿನ ಜಾತ್ರೆಗಳ ಸ್ವರೂಪವನ್ನು ಅರಿಯಲು ನೆರವಾಗುತ್ತದೆ.

ಆಟದ ವಿಷಯಕ್ಕೆ ಬಂದರೆ, ಈ ಸೀಮೆಯನ್ನು ಆಳಿದ ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ಹುಟ್ಟಿದ ಎರಡು ಸಂಸ್ಕೃತ ಗ್ರಂಥಗಳು ಅಮೂಲ್ಯ ಆಧಾರಗಳು. ಮೊದಲನೆಯದು ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗಗಳಿರುವ ಈ ವಿಶ್ವಕೋಶದ ಕೊನೆಯ ಭಾಗವು ಪೂರ್ತಿಯಾಗಿ ಕ್ರೀಡೆಗಳಿಗೇ ಮೀಸಲು. ಬೆಟ್ಟದ ವಿಹಾರ, ವನವಿಹಾರ, ಉಯ್ಯಾಲೆಯಾಟವಾದ ಆಂದೋಲನಕ್ರೀಡೆ, ಬಣ್ಣದ ನೀರೆರಚುವ ಸೇಚನಕ್ರೀಡೆ, ನೀರಿಗಿಳಿದು ಆಡುವ ಸಲಿಲಕ್ರೀಡೆ, ಮರಳಿನ ಮೇಲಾಡುವ ವಾಲುಕಾಕ್ರೀಡೆ ಇವುಗಳ ಸಾಲಿನಲ್ಲಿಯೇ ಚದುರಂಗ, ಪಾಶಕ ಎಂದರೆ ದಾಳದ ಆಟ, ವರಾಟಿಕಾ ಎಂದರೆ ಕವಡೆಯ ಆಟಗಳೂ ಬರುತ್ತವೆ. ಅರಸನೇ ಗ್ರಂಥಕರ್ತನಾಗಿ ನೀರಾಟ, ಉಯ್ಯಾಲೆ, ದಾಳಗಳನ್ನು ಒಂದೇ ಎಣಿಕೆಯಲ್ಲಿ ಇಟ್ಟಿರುವುದರಿಂದ, ಇವೆಲ್ಲ ಆ ಕಾಲದ ಕಣ್ಣಿಗೆ ಒಂದೇ ಬಿಡುವಿನ ಬೇರೆ ಬೇರೆ ಮುಖಗಳಾಗಿದ್ದವೆಂದು ಹೇಳಲು ಅಡ್ಡಿಯಿಲ್ಲ.

ಎರಡನೆಯ ಗ್ರಂಥ ಇನ್ನೂ ಮಹತ್ವದ್ದು. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರಾ’ ವ್ಯಾಖ್ಯಾನವು ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಗೆ ಆಧಾರವಾದ ಗ್ರಂಥವೆಂದು ಪ್ರಸಿದ್ಧವಾಗಿದ್ದರೂ, ಅದರಲ್ಲಿ ಜೂಜಿನ ಮೇಲೆಯೇ ಒಂದು ಪ್ರಕರಣವಿರುವುದು ಹೆಚ್ಚು ಜನರ ಗಮನಕ್ಕೆ ಬಂದಿಲ್ಲ. ಅದರ ಪ್ರಕಾರ ದಾಳ ಮೊದಲಾದ ನಿರ್ಜೀವ ವಸ್ತುಗಳಿಂದ ಆಡುವುದು ದ್ಯೂತ. ಟಗರು, ಕೋಳಿ ಮೊದಲಾದ ಪ್ರಾಣಿಗಳನ್ನು ಪಣವೊಡ್ಡಿ ಕಾದಾಡಿಸುವುದು ಸಮಾಹ್ವಯ. ಜೂಜಿನ ಕಟ್ಟೆಯನ್ನು ನಡೆಸುವವನಿಗೆ ಸಭಿಕನೆಂದು ಹೆಸರು. ನೂರು ಅಥವಾ ಅದಕ್ಕಿಂತ ಹೆಚ್ಚು ಗೆದ್ದವನಿಂದ ನೂರಕ್ಕೆ ಐದು, ಉಳಿದವರಿಂದ ನೂರಕ್ಕೆ ಹತ್ತರಂತೆ ಅವನು ಪಾಲು ತೆಗೆದುಕೊಳ್ಳಬೇಕು. ಅದರಲ್ಲಿ ಒಪ್ಪಿದಷ್ಟನ್ನು ಅರಸನಿಗೆ ಸಲ್ಲಿಸಿ, ಗೆದ್ದವನಿಗೆ ಗೆದ್ದ ಹಣವನ್ನು ಸೋತವನಿಂದ ಕೊಡಿಸಬೇಕು. ಸುಳ್ಳು ದಾಳ ಹಾಕಿದವನ ಮೈಮೇಲೆ ಗುರುತು ಒತ್ತಿ ನಾಡಿನಿಂದ ಹೊರಗಟ್ಟಬೇಕು. ಕಳ್ಳರನ್ನು ಗುರುತಿಸಲು ಅನುಕೂಲವಾಗುವುದರಿಂದ ಜೂಜು ಒಂದೇ ಕಡೆ, ನೋಡಿಕೊಳ್ಳುವವನ ಕಣ್ಣೆದುರಿಗೇ ನಡೆಯಬೇಕು ಎಂಬ ಮಾತಂತೂ ಆಡಳಿತದ ಅನುಭವದಿಂದ ಬಂದದ್ದು. ಜೂಜನ್ನು ರಾಜ್ಯದಿಂದಲೇ ಹೊರಗಿಡಬೇಕೆಂಬ ಮನುಸ್ಮೃತಿಯ ನಿಲುವಿಗೂ ಇದಕ್ಕೂ ಇರುವ ಅಂತರ ದೊಡ್ಡದು. ನಿಷೇಧಿಸಿದರೂ ನಿಲ್ಲದ ಚಾಳಿಯನ್ನು ಒಂದು ಮನೆಗೆ, ಒಬ್ಬ ಹೊಣೆಗಾರನಿಗೆ, ಒಂದು ಲೆಕ್ಕಕ್ಕೆ ಕಟ್ಟಿಹಾಕುವ ಈ ಮಾರ್ಗವು ಇಂದಿನ ಕ್ಯಾಸಿನೊಗಳ ಪರವಾನಗಿ ವ್ಯವಸ್ಥೆಗೆ ಎಷ್ಟು ಹತ್ತಿರವಾಗಿದೆಯೆಂಬುದನ್ನು ಓದುಗರು ಗಮನಿಸಬೇಕು.

ಶಾಸ್ತ್ರವು ಹೀಗೆ ನಿಯಮ ಹೇಳಿದರೆ, ಕಾವ್ಯವು ಜೂಜಿನ ಫಲವನ್ನು ಕಣ್ಣಿಗೆ ಕಟ್ಟುವಂತೆ ಹೇಳಿತು. ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ ಹುಟ್ಟಿದ ರನ್ನನು ಹತ್ತನೆಯ ಶತಮಾನದ ಕೊನೆಯಲ್ಲಿ ರಚಿಸಿದ ‘ಸಾಹಸಭೀಮವಿಜಯ’ದಲ್ಲಿ ಹದಿನೆಂಟು ದಿನಗಳ ಯುದ್ಧ ಮುಗಿದ ಮೇಲೂ ಆರದೆ ಉಳಿದದ್ದು ದ್ಯೂತಸಭೆಯ ಅವಮಾನದ ಉರಿ, ದ್ರೌಪದಿಯ ಬಿಚ್ಚಿದ ಮುಡಿಯು ಆ ಕಾವ್ಯದ ಉದ್ದಕ್ಕೂ ಒಂದು ಸೋತ ಆಟದ ಲೆಕ್ಕವನ್ನು ಕೇಳುತ್ತಲೇ ಇರುತ್ತದೆ. ಇನ್ನೊಂದೆಡೆ ಪುರಾಣಗಳು ಶಿವಪಾರ್ವತಿಯರು ಪಗಡೆಯಾಡಿದ ಪ್ರಸಂಗವನ್ನು ಪ್ರೀತಿಯಿಂದ ಹೇಳುತ್ತವೆ. ಎಲ್ಲೋರದ ಗುಹೆಗಳಲ್ಲಿ ಅದು ಶಿಲ್ಪವಾಗಿಯೂ ಇದೆ. ದೀಪಾವಳಿಯ ಪಾಡ್ಯವನ್ನು ದ್ಯೂತಪ್ರತಿಪದೆಯೆಂದು ಕರೆದು, ಅಂದು ಮಾತ್ರ ಪಣದಾಟಕ್ಕೆ ಒಪ್ಪಿಗೆ ನೀಡಿದ ಸಂಪ್ರದಾಯವೂ ಈ ಪ್ರಸಂಗದ ನೆರಳಿನಲ್ಲಿಯೇ ಬೆಳೆಯಿತು. ವರ್ಷದಲ್ಲಿ ಒಂದು ದಿನ ಬಿಟ್ಟುಕೊಟ್ಟು ಉಳಿದ ದಿನಗಳನ್ನು ಕಾಪಾಡಿಕೊಳ್ಳುವ ಜಾಣತನ ಇದರಲ್ಲಿದೆ.

ನೀರಿನ ಪಯಣ, ಬಂಧುಗಳ ಮರುಭೇಟಿ ಈ ಎರಡು ಎಳೆಗಳು ಒಂದೆಡೆ ಸೇರುವುದು ಬನಶಂಕರಿ ಜಾತ್ರೆಯಲ್ಲಿ. ಬಾದಾಮಿಯಿಂದ ಸುಮಾರು 5 ಕಿಲೊಮೀಟರು ದೂರದ ಚೊಳಚಗುಡ್ಡದ ಬಳಿ, ತಿಲಕಾರಣ್ಯವೆಂದು ಹೆಸರಾದ ಹಸಿರು ತಗ್ಗಿನಲ್ಲಿರುವ ಬನಶಂಕರಿಯ ಗುಡಿಯನ್ನು ಈಗಿನ ರೂಪದಲ್ಲಿ 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆಯು ಕಟ್ಟಿಸಿದನೆಂದು ಹೇಳಲಾಗುತ್ತದೆ. ಮೂಲ ನೆಲೆ ಚಾಲುಕ್ಯರ ಕಾಲದ್ದು. ಗುಡಿಯ ಎದುರಿಗೆ ಸುಮಾರು 360 ಅಡಿ ಚೌಕದ ಹರಿದ್ರಾತೀರ್ಥವೆಂಬ ಹೊಂಡವಿದ್ದು, ಅದರ ಮೂರು ಬದಿಗಳಲ್ಲಿ ಕಲ್ಲಿನ ಮಂಟಪಗಳ ಸಾಲು ಇದೆ. ಪುಷ್ಯ ಮಾಸದ ಶುಕ್ಲಪಕ್ಷದಲ್ಲಿ ಆರಂಭವಾಗುವ ಉತ್ಸವದಲ್ಲಿ ಚತುರ್ದಶಿಯಂದು ನೂರೆಂಟು ಬಗೆಯ ಕಾಯಿಪಲ್ಲೆಗಳ ಅಡುಗೆಯನ್ನು ದೇವಿಗೆ ಅರ್ಪಿಸುವ ಪಲ್ಲೇದ ಹಬ್ಬ, ಮರುದಿನ ಹುಣ್ಣಿಮೆಗೆ ತೇರು. ಬರಗಾಲದಲ್ಲಿ ತನ್ನ ಮೈಯಿಂದ ಬೆಳೆದ ಕಾಯಿಪಲ್ಲೆಗಳಿಂದ ಲೋಕವನ್ನು ಸಾಕಿದ ಶಾಕಂಭರಿಯೇ ಬನಶಂಕರಿಯೆಂಬ ನಂಬಿಕೆಯು ಮಳೆ ಕಡಿಮೆಯಾದ ಈ ಸೀಮೆಯ ಒಕ್ಕಲಿಗನ ಮನಸ್ಸಿಗೆ ಎಷ್ಟು ಹತ್ತಿರವೆಂಬುದನ್ನು ಬೇರೆ ಹೇಳಬೇಕಿಲ್ಲ.

ಈ ಹೊಂಡದಲ್ಲಿ ನಡೆಯುವ ತೆಪ್ಪದ ಆಚರಣೆಯು ವಿಶೇಷ ಗಮನಕ್ಕೆ ಅರ್ಹವಾದದ್ದು. ಬಾಳೆಯ ದಿಂಡುಗಳನ್ನು ಜೋಡಿಸಿ ಬಿಗಿದು ಕಟ್ಟಿದ ತೆಪ್ಪದ ಮೇಲೆ ಹರಕೆಯ ಕೂಸನ್ನು ಮಲಗಿಸಿ, ನೀರಿನಲ್ಲಿ ಇಳಿದವರು ಅದನ್ನು ತೇಲಿಸಿಕೊಂಡು ಹೋಗುತ್ತಾರೆ. ಮಕ್ಕಳಾಗಲೆಂದು ಬೇಡಿಕೊಂಡ ದಂಪತಿಗಳು, ಕೂಸು ಹುಟ್ಟಿದ ಮೇಲೆ ಅದರ ಆಯುಸ್ಸಿಗಾಗಿ ತೀರಿಸುವ ಹರಕೆ ಇದು. ತೊಟ್ಟಿಲಲ್ಲಿರಬೇಕಾದ ಕೂಸು ಹಸಿ ದಿಂಡಿನ ಮೇಲೆ, ಸುತ್ತ ನಿಂತ ಬಂಧುಗಳ ಕೂಗಿನ ನಡುವೆ ಹೊಂಡದಲ್ಲಿ ತೇಲುವುದೇ ಅದರ ಬಾಳಿನ ಮೊದಲ ಜಲಯಾನ. ತವರಿನವರು, ಗಂಡನ ಮನೆಯವರು, ದೂರದ ಸೊಲ್ಲಾಪುರ, ಪುಣೆ, ಮುಂಬಯಿಗಳಿಗೆ ದುಡಿಮೆಗೆ ಹೋದವರು ಒಂದೇ ಕಡೆ ನೆರೆಯುವುದಕ್ಕೆ ಇಂಥ ಹರಕೆಗಳು ಕಾರಣವಾದವು.

ಮೊದಲೆಲ್ಲ ಚಕ್ಕಡಿ ಕಟ್ಟಿಕೊಂಡು, ದಾರಿಯಲ್ಲಿ ಬೀಡು ಬಿಟ್ಟು ಬರುತ್ತಿದ್ದ ಈ ಜನಕ್ಕೆ 1884ರ ವೇಳೆಗೆ ಹೋಟಗಿ-ಗದಗ ರೈಲುಮಾರ್ಗ ಬಂದದ್ದು ದೊಡ್ಡ ತಿರುವಾಯಿತು; ಬಾಗಲಕೋಟೆ, ಬಾದಾಮಿಗಳೆರಡೂ ಆ ಮಾರ್ಗದ ನಿಲ್ದಾಣಗಳು. ತೇರಿನ ದಿನಕ್ಕೆ ಮುಗಿಯಬಹುದಾದ ಜಾತ್ರೆಯು ಸುಮಾರು ಒಂದು ತಿಂಗಳವರೆಗೆ ಬೆಳೆದು ನಿಂತಿತು. ದನಗಳ ಸಂತೆ, ಕೆತ್ತನೆಯ ಬಾಗಿಲು ಚೌಕಟ್ಟುಗಳ ಮಾರಾಟ, ಇಳಕಲ್ಲ ಸೀರೆ ಮತ್ತು ಗುಳೇದಗುಡ್ಡದ ಖಣಗಳ ಅಂಗಡಿ, ಬುಟ್ಟಿಯಲ್ಲಿ ಕಡಕ ರೊಟ್ಟಿ, ಎಣಗಾಯಿ ಪಲ್ಲೆ, ಮಡಕೆಯ ಮೊಸರು ಹೊತ್ತು ತಂದು ಮಂಟಪದ ನೆರಳಿನಲ್ಲಿ ಬಡಿಸುವ ಸುತ್ತಲಿನ ಹಳ್ಳಿಗಳ ಹೆಣ್ಣುಮಕ್ಕಳು, ಇವರೆಲ್ಲರಿಗಿಂತ ಮಿಗಿಲಾಗಿ ತಗಡಿನ ಥಿಯೇಟರು ಹಾಕಿ ಬೆಳಗಿನವರೆಗೆ ಆಟ ನಡೆಸುವ ವೃತ್ತಿ ನಾಟಕ ಕಂಪನಿಗಳು ಈ ಜಾತ್ರೆಯ ಜೀವಾಳ. ಹುನಗುಂದ ತಾಲ್ಲೂಕಿನ ಕಮತಗಿಯ ಹುಚ್ಚೇಶ್ವರ ನಾಟ್ಯ ಸಂಘದಂಥ ಕಂಪನಿಗಳನ್ನು ಕೊಟ್ಟ ಸೀಮೆ ಇದು. ಉಳಿದೆಡೆ ಪ್ರೇಕ್ಷಕರಿಲ್ಲದೆ ಸೊರಗಿದ ಕಂಪನಿಗಳು ಬನಶಂಕರಿಯ ಒಂದು ತಿಂಗಳ ಗಳಿಕೆಯನ್ನು ನೆಚ್ಚಿಕೊಂಡು ವರ್ಷವನ್ನು ದೂಡಿದ್ದುಂಟು. ಕನ್ನಡದ ವೃತ್ತಿರಂಗಭೂಮಿ ಇಂದಿಗೂ ಉಸಿರಾಡುತ್ತಿದ್ದರೆ ಅದರಲ್ಲಿ ಈ ಜಾತ್ರೆಯ ಋಣ ದೊಡ್ಡದು.

ಮರುಭೇಟಿಯ ಹಬ್ಬವೆಂದರೆ ಈ ಭಾಗದಲ್ಲಿ ಮೊದಲ ಸ್ಥಾನ ಶ್ರಾವಣದ ನಾಗರಪಂಚಮಿಗೆ. ಮದುವೆಯಾಗಿ ಹೋದ ಮಗಳನ್ನು ಕರೆತರಲು ಅಣ್ಣನೋ ತಮ್ಮನೋ ಹೋಗಲೇಬೇಕು. ಶೇಂಗಾ, ಎಳ್ಳು, ಬೇಸನ್ನುಗಳ ಉಂಡಿ ಕಟ್ಟಿ, ಮರಕ್ಕೆ ಜೋಕಾಲಿ ಹಾಕಿ ಆಕೆಯ ದಾರಿ ಕಾಯುವ ತವರುಮನೆಯ ಚಿತ್ರ ಉತ್ತರ ಕರ್ನಾಟಕದ ಜನಪದ ಹಾಡುಗಳಲ್ಲಿ ತುಂಬಿಹೋಗಿದೆ. ಹೆಣ್ಣುಮಕ್ಕಳು ಜೋಕಾಲಿಯಾಡುವ ಅದೇ ಹೊತ್ತಿಗೆ ಗಂಡಸರು ಪಣದಾಟಕ್ಕೆ ಇಳಿಯುತ್ತಾರೆ. ಇಲ್ಲಿಂದ ಮುಂದಿನ ಊರಿನ ಅಗಸೆಯನ್ನು ಇಂತಿಷ್ಟೇ ಎಸೆತಗಳಲ್ಲಿ ನಿಂಬೆಹಣ್ಣಿನಿಂದ ಮುಟ್ಟಿಸುತ್ತೇನೆಂದು ಒಬ್ಬನು ಪಂದ್ಯ ಕಟ್ಟಿದರೆ, ಹಣ್ಣು ಬಿದ್ದಲ್ಲಿಂದಲೇ ಮುಂದಿನ ಎಸೆತ ಎಸೆಯುತ್ತ ಹೋಗುವ ಅವನ ಹಿಂದೆ ಅರ್ಧ ಊರೇ ಎಣಿಕೆ ಮಾಡುತ್ತ ನಡೆಯುತ್ತದೆ. ತೋಳಿನ ಬಲ, ಗಾಳಿಯ ಅಂದಾಜು, ಎರೆಯ ನೆಲದ ಕೆಸರು ಎಲ್ಲವೂ ಪಂದ್ಯದ ಭಾಗ. ಮೋಸಕ್ಕೆ ಎಡೆಯಿಲ್ಲ, ಏಕೆಂದರೆ ಎಲ್ಲರ ಕಣ್ಣೂ ಹಣ್ಣಿನ ಮೇಲಿರುತ್ತದೆ. ವಿಜ್ಞಾನೇಶ್ವರನು ಹೇಳಿದ ‘ಕಣ್ಣೆದುರಿನ ಜೂಜು’ ಹಳ್ಳಿಯಲ್ಲಿ ಉಳಿದುಬಂದ ಬಗೆ ಇದು. ಇದೇ ಜಿಲ್ಲೆಯಲ್ಲಿ ಇಂದಿಗೂ ಜನಪ್ರಿಯವಾದ ಟಗರಿನ ಕಾಳಗವು ಸ್ಮೃತಿಕಾರರ ಸಮಾಹ್ವಯದ ನೇರ ಉದಾಹರಣೆ.

ಪಣವಿಲ್ಲದ ಮನೆಯೊಳಗಿನ ಆಟವೂ ಈ ಚರಿತ್ರೆಯಲ್ಲಿ ಸೇರಲೇಬೇಕು. ಚೌಕಾಬಾರಾ ಎಂಬ ಕವಡೆಯ ಆಟಕ್ಕೆ ಐದು ಅಡ್ಡ, ಐದು ಉದ್ದ ಮನೆಗಳ ಚೌಕವನ್ನು ನೆಲದ ಮೇಲೆ ಸುಣ್ಣದ ತುಂಡಿನಿಂದ ಬರೆಯುತ್ತಾರೆ; ನಾಲ್ಕು ಬದಿಯ ನಡುಮನೆಗಳಿಗೂ ಒಳಗಿನ ನಡುಮನೆಗೂ ಅಡ್ಡಗೀಟು ಹಾಕಿ ಕಟ್ಟೆ ಮಾಡುತ್ತಾರೆ, ಅಲ್ಲಿ ಕುಳಿತ ಕಾಯಿಯನ್ನು ಯಾರೂ ಕಡಿಯುವಂತಿಲ್ಲ. ನಾಲ್ಕು ಕವಡೆಗಳೂ ಅಂಗಾತ ಬಿದ್ದರೆ ಚೌಕಾ, ನಾಲ್ಕು ಮನೆ. ನಾಲ್ಕೂ ಬೋರಲು ಬಿದ್ದರೆ ಬಾರಾ, ಎಂಟು ಮನೆ. ಎರಡಕ್ಕೂ ಮತ್ತೊಂದು ಸರದಿ ದೊರೆಯುತ್ತದೆ. ಎದುರಾಳಿಯ ಒಂದು ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗುವಂತಿಲ್ಲ. ಕವಡೆಯಿಲ್ಲದ ಮನೆಯಲ್ಲಿ ಹುಣಸೆಬೀಜವನ್ನು ಕಲ್ಲಿಗೆ ಉಜ್ಜಿ ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರಾಯಿತು. ಕಾಯಿಗಳಿಗೆ ಬಳೆಚೂರು ಸಾಕು. ಬೇಸಿಗೆಯ ಸೂಟಿಯಲ್ಲಿ ಅಜ್ಜಿಯ ಊರಿಗೆ ಬಂದ ಮೊಮ್ಮಕ್ಕಳು ಮಟಮಟ ಮಧ್ಯಾಹ್ನವನ್ನು ಕಳೆಯುತ್ತಿದ್ದುದು ಈ ಮನೆಗಳ ಸುತ್ತ. ಸೋಮೇಶ್ವರನ ಆಸ್ಥಾನದ ವರಾಟಿಕಾಕ್ರೀಡೆಗೂ ಇದಕ್ಕೂ ನೇರ ನಂಟನ್ನು ಸಾಧಿಸುವುದು ಕಷ್ಟವಾದರೂ, ಕವಡೆಯು ಅರಮನೆಯಿಂದ ಪಡಸಾಲೆಯವರೆಗೆ ಎಲ್ಲರ ಕೈಯಲ್ಲಿಯೂ ಆಡಿತೆಂಬುದು ನಿಶ್ಚಿತ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮರುಭೇಟಿಯ ಅರ್ಥವೇ ಬದಲಾಗುವಂಥ ಘಟನೆಯೊಂದು ಈ ನಾಡಿನಲ್ಲಿ ನಡೆಯಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರಿಂದ ಶಂಕುಸ್ಥಾಪನೆಯಾದ ಆಲಮಟ್ಟಿ ಅಣೆಕಟ್ಟು 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ ಲೋಕಾರ್ಪಣೆಯಾಗುವ ಹೊತ್ತಿಗೆ, ಅದರ ಹಿನ್ನೀರು ಹಳೆಯ ಬಾಗಲಕೋಟೆಯ ಒಂದು ದೊಡ್ಡ ಭಾಗವನ್ನು ನುಂಗಿತ್ತು. ಓಣಿ ಓಣಿಯಾಗಿ ಬದುಕಿದ ಕುಟುಂಬಗಳು ನವನಗರದ ಸೆಕ್ಟರುಗಳಿಗೆ ಹಂಚಿಹೋದವು. ಅಕ್ಕಪಕ್ಕದ ಮನೆಯವರು ಬೇರೆ ಬೇರೆ ದಿಕ್ಕಿಗೆ ಬಿದ್ದರು. ಕೂಡಲಸಂಗಮದಲ್ಲಿಯೂ ನಾರಾಯಣಪುರ ಜಲಾಶಯದ ಹಿನ್ನೀರಿನಿಂದ ಬಸವಣ್ಣನವರ ಐಕ್ಯಮಂಟಪವನ್ನು ಕಾಪಾಡಲು ಸುತ್ತ ಬಾವಿಯಂತೆ ಗೋಡೆ ಎಬ್ಬಿಸಬೇಕಾಯಿತು. ಆದರೂ ಹೋಳಿ ಬಂತೆಂದರೆ ಬಾಗಲಕೋಟೆಯ ಜನ ಹಳೆಯ ಊರಿಗೆ ಮರಳುತ್ತಾರೆ. ಕಿಲ್ಲಾ, ಹಳಪೇಟ, ಜೈನಪೇಟ ಮೊದಲಾದ ಓಣಿಗಳ ಹೆಸರಿನಲ್ಲಿಯೇ ಹಲಗಿಯ ಮೇಳಗಳು ಹೊರಡುತ್ತವೆ. ಬಣ್ಣದ ನೀರು ತುಂಬಿದ ಬ್ಯಾರಲ್ಲುಗಳನ್ನು ಹೊತ್ತ ಬಂಡಿಗಳು ಎದುರುಬದುರಾಗಿ ನಿಂತು ಒಂದರ ಮೇಲೊಂದು ಎರಚಾಡುತ್ತವೆ. ವೇಷಧಾರಿಗಳ ಸೋಗಿನ ಬಂಡಿಗಳು ರಾತ್ರಿಯಿಡೀ ಸಾಗುತ್ತವೆ. ನಕಾಶೆಯಲ್ಲಿ ಅಳಿಸಿಹೋದ ಓಣಿಗಳು ಹಬ್ಬದ ದಿನಗಳ ಮಟ್ಟಿಗೆ ಜನರ ರೂಪದಲ್ಲಿ ಮತ್ತೆ ಎದ್ದು ನಿಲ್ಲುವ ಈ ನೋಟಕ್ಕಿಂತ ದೊಡ್ಡ ಪುನರ್ಮಿಲನ ಈ ಜಿಲ್ಲೆಯಲ್ಲಿ ಇನ್ನೊಂದಿಲ್ಲ.

ಪಣದಾಟವು ಮಾತ್ರ ಅಷ್ಟರಲ್ಲಾಗಲೇ ತನ್ನ ಕಟ್ಟನ್ನು ಹರಿದುಕೊಂಡಿತ್ತು. ಬಾಗಲಕೋಟೆಯು ಬಿಜಾಪುರ ಜಿಲ್ಲೆಯ ಭಾಗವಾಗಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ 1887ರ ಮುಂಬಯಿ ಜೂಜು ಪ್ರತಿಬಂಧಕ ಕಾಯಿದೆ ಜಾರಿಯಲ್ಲಿದ್ದು, ಏಕೀಕರಣದ ನಂತರ ಅದರ ಸ್ಥಾನವನ್ನು 1963ರ ಕರ್ನಾಟಕ ಪೊಲೀಸ್ ಕಾಯಿದೆ ತುಂಬಿತು. ಕಾನೂನು ಬಿಗಿಯಾಗಿದ್ದರೂ ಮುಂಬಯಿಯಲ್ಲಿ ಹತ್ತಿಯ ದರದ ಅಂಕಿಗಳ ಮೇಲೆ ಆರಂಭವಾದ ಮಟಕಾ ಎಂಬ ಅಂಕಿಯಾಟವು, ದುಡಿಮೆಗೆ ಹೋದವರ ದಾರಿಯನ್ನೇ ಹಿಡಿದು ಉತ್ತರ ಕರ್ನಾಟಕದ ಹೋಬಳಿ ಹೋಬಳಿಗೂ ಬಂದಿತು. ನಿಂಬೆಹಣ್ಣಿನ ಪಂದ್ಯಕ್ಕೂ ಮಟಕಾಕ್ಕೂ ಇರುವ ವ್ಯತ್ಯಾಸ ದೊಡ್ಡದು: ಮಟಕಾಕ್ಕೆ ತಿಥಿಯಿಲ್ಲ, ಬಯಲಿಲ್ಲ, ಎಣಿಸುವ ನೆರವಿಯಿಲ್ಲ, ನೇಕಾರನ ವಾರದ ಮಜೂರಿ ಮನೆ ಮುಟ್ಟುವ ಮೊದಲೇ ಒಂದು ಚೀಟಿಯ ಮೇಲಿನ ಅಂಕಿಗೆ ಕರಗಿಹೋಗುತ್ತದೆ.

ನೀರು, ಬಳಗ, ಜೂಜು ಮೂರನ್ನೂ ಒಂದೇ ಛಾವಣಿಯ ಕೆಳಗೆ ತಂದ ಹೊಸ ಏರ್ಪಾಡು ನೆರೆಯ ಗೋವೆಯಲ್ಲಿ ಬಂದಿತು. ಅಲ್ಲಿನ 1976ರ ಜೂಜು ಕಾಯಿದೆಗೆ 1990ರ ದಶಕದಲ್ಲಿ ಮಾಡಿದ ತಿದ್ದುಪಡಿಗಳಿಂದ ಪಂಚತಾರಾ ಹೋಟೆಲುಗಳಲ್ಲಿ ಯಂತ್ರದಾಟಗಳಿಗೂ, ನೀರಿನ ಮೇಲಿನ ಹಡಗುಗಳಲ್ಲಿ ಕ್ಯಾಸಿನೊಗಳಿಗೂ ಅನುಮತಿ ದೊರೆತು, ಪಣಜಿಯ ಮಾಂಡೋವಿ ನದಿಯಲ್ಲಿ ದೀಪ ಹೊತ್ತ ಹಡಗುಗಳು ನೆಲೆಯಾದವು. ಈ ಮಾಂಡೋವಿಯೇ ಕರ್ನಾಟಕದ ಮಹದಾಯಿ. ಅದೂ ಮಲಪ್ರಭೆಯೂ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಒಂದೇ ಬೆಟ್ಟಸಾಲಿನಲ್ಲಿ ಹುಟ್ಟಿ, ಒಂದು ಪಡುವಣಕ್ಕೂ ಇನ್ನೊಂದು ಮೂಡಣಕ್ಕೂ ಹರಿಯುತ್ತವೆ. ವರ್ಷದ ಮುನ್ನೂರ ಅರುವತ್ತೈದು ರಾತ್ರಿಯೂ ತೆರೆದಿರುವ ಹಡಗಿಗೆ ಸಭಿಕನಿದ್ದಾನೆ, ಲೆಕ್ಕವಿದೆ, ಸರಕಾರದ ಪಾಲೂ ಇದೆ. ಮಲಪ್ರಭೆಯ ದಂಡೆಯ ಆಟಗಳಿಗಿದ್ದ ತಿಥಿ ಮಾತ್ರ ಅದಕ್ಕಿಲ್ಲ.

ತಿಥಿ ಕಳೆದುಕೊಂಡ ಜೂಜಿಗೆ ಈ ಸೀಮೆಯಿಂದಲೇ ಒಂದು ಉತ್ತರವೂ ಹುಟ್ಟಿತೆಂಬುದನ್ನು ಹೇಳದೆ ಈ ಚರಿತ್ರೆ ಪೂರ್ಣವಾಗದು. ಇಳಕಲ್ಲಿನ ಚಿತ್ತರಗಿ ವಿಜಯಮಹಾಂತೇಶ ಸಂಸ್ಥಾನಮಠದ ಡಾ. ಮಹಾಂತ ಸ್ವಾಮಿಗಳು (1930-2018) 1975ರಲ್ಲಿ ‘ಮಹಾಂತ ಜೋಳಿಗೆ’ಯನ್ನು ಹಿಡಿದು ಮನೆಮನೆಗೆ ಹೊರಟರು. ಭಿಕ್ಷೆಯ ಜೋಳಿಗೆಗೆ ಜೋಳ, ಹಣ ಹಾಕುವುದು ವಾಡಿಕೆ. ಸ್ವಾಮಿಗಳು ಬೇಡಿದ್ದು ಕುಡಿತ, ತಂಬಾಕು, ಜೂಜು ಮೊದಲಾದ ದುಶ್ಚಟಗಳನ್ನು. ಮನೆಯವರ ಎದುರಿಗೆ, ಓಣಿಯವರ ಎದುರಿಗೆ ಚಟವನ್ನು ಜೋಳಿಗೆಗೆ ಹಾಕಿ ಬಿಟ್ಟೆನೆಂದು ಮಾತು ಕೊಡುವ ಈ ಕ್ರಮದಲ್ಲಿ, ಹಿಂದೆ ಪಂದ್ಯಕ್ಕೆ ಸಾಕ್ಷಿಯಾಗಿದ್ದ ನೆರವಿಯೇ ಈಗ ಪ್ರತಿಜ್ಞೆಗೆ ಸಾಕ್ಷಿಯಾಯಿತು. ದಂಡದಿಂದಾಗದ ಕೆಲಸವನ್ನು ಒಬ್ಬ ವ್ಯಕ್ತಿಯ ನೈತಿಕ ಬಲ ಅನೇಕ ಮನೆಗಳಲ್ಲಿ ಮಾಡಿತೆಂಬುದು ಈ ಭಾಗದ ಹಿರಿಯರ ಒಮ್ಮತದ ಮಾತು. ಸ್ವಾಮಿಗಳ ಹುಟ್ಟಿದ ದಿನವಾದ ಆಗಸ್ಟ್ 1ನ್ನು ಕರ್ನಾಟಕ ಸರಕಾರವು ವ್ಯಸನಮುಕ್ತ ದಿನವನ್ನಾಗಿ ಆಚರಿಸುತ್ತದೆ.

ಐಹೊಳೆ, ಪಟ್ಟದಕಲ್ಲು, ಬಾದಾಮಿಗಳ ಗುಡಿಗಳ ಮೇಲೆ ಗ್ರಂಥಗಳ ರಾಶಿಯೇ ಇದೆ. ಅದೇ ಗುಡಿಗಳ ಕಟ್ಟೆಯ ಮೇಲೆ ಜನ ಆಡಿದ ಆಟಗಳು, ಹರಿಗೋಲು ಹೆಣೆಯುವ ಕೈಗಳು, ಬನಶಂಕರಿಯ ತೆಪ್ಪದ ಹರಕೆ, ಮುಳುಗಿದ ಓಣಿಗಳ ಹಲಗಿಯ ಪಟ್ಟುಗಳು ಇನ್ನೂ ಬಲ್ಲವರ ನೆನಪಿನಲ್ಲಿ ಮಾತ್ರ ಇವೆ. ಜಿಲ್ಲೆಯ ಕಾಲೇಜುಗಳ ಇತಿಹಾಸ ಮತ್ತು ಜಾನಪದ ವಿಭಾಗಗಳು ಆ ಹಿರಿಯರು ಇರುವಾಗಲೇ ಊರೂರಿಗೆ ಹೋಗಿ ಅವನ್ನು ದಾಖಲಿಸಿಕೊಳ್ಳಬೇಕು.